ದೇವಾಲಯವೂ ಕಂದಾಯವೂ: ಒಂದು ಚಾರಿತ್ರಿಕ ವಿವೇಚನೆ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡವನ್ನು ಕುರಿತು, ಗಂಟೆಯನ್ನು ಕುರಿತು, ಇಲ್ಲಿ ಸೇವೆ ಸಲ್ಲಿಸಿ ಪ್ರಭುವಿನಲ್ಲಿ ನಿದ್ರಿಸಿರುವ ಗುರುಗಳನ್ನು ಕುರಿತು ಬರೆಯಲು ಅನೇಕ ಬಂಧುಗಳು ಮುಂದೆ ಬಂದಿರುವರು. ಯಾರೂ ಕೈಹಾಕದೆ ಬಿಟ್ಟ ವಿಷಯವೊಂದನ್ನು ನಾವು ಆರಿಸಿಕೊಂಡಿದ್ದೇವೆ. ಅದು ಕಂದಾಯ. ಹಬ್ಬದ ಸಂಚಿಕೆಗೆ ಇದು ಒಪ್ಪುವ ವಿಷಯವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ನೂರು ವರ್ಷ ಬಾಳಿದ ಒಂದು ದೇವಾಲಯವು ತನ್ನ ನೆರೆಹೊರೆಯವರೊಡನೆ ಹೇಗೆ ಬಾಳಿತೆಂಬುದನ್ನು ತಿಳಿಸುವಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕದಷ್ಟೇ ಲೆಕ್ಕದ ಪುಸ್ತಕವೂ ಮುಖ್ಯವಾದುದು.

ಈ ವಿಷಯವನ್ನೆತ್ತಿಕೊಳ್ಳಲು ಕಾರಣವೂ ಉಂಟು. ಗಣಿಗಳು ಮುಚ್ಚಿದ ಮೇಲೆ ನಮ್ಮ ಯುವಜನರಲ್ಲಿ ಬಹುಮಂದಿ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಪ್ರತಿದಿನವೂ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು. ಆ ರೈಲಿನಲ್ಲಿ ಸಹಪ್ರಯಾಣಿಕರು ಅವರನ್ನು ಒಂದು ಪ್ರಶ್ನೆ ಕೇಳುವುದುಂಟು: ದೇವಸ್ಥಾನದ ಹುಂಡಿಗೆ ಸರ್ಕಾರ ಕೈಹಾಕುವುದಾದರೆ ನಿಮ್ಮ ಚರ್ಚು ಏಕೆ ಏನನ್ನೂ ಕೊಡುವುದಿಲ್ಲ? ಕೇಳುವವರಲ್ಲಿ ಕೆಲವರು ಕುಚೋದ್ಯಕ್ಕಾಗಿ ಕೇಳುವರು, ಬಹುಮಂದಿ ನಿಜವಾಗಿಯೂ ತಿಳಿಯದೆ ಕೇಳುವರು. ಎರಡೂ ಬಗೆಯವರಿಗೆ ಉತ್ತರ ಕೊಡಲಾರದೆ ನಮ್ಮ ಹುಡುಗರು ಸುಮ್ಮನಾಗುವುದು ನಮಗೆ ಸರಿಯೆನಿಸದು.

ಮೊದಲು ಶುಭಸಂದೇಶದತ್ತ ತಿರುಗೋಣ. ಸೀಸರನ ನಾಣ್ಯದ ಪ್ರಸಂಗ ಎಲ್ಲರಿಗೂ ತಿಳಿದುದೇ. ಅದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದ ಮತ್ತೊಂದು ಪ್ರಸಂಗವಿದೆ; ಅದನ್ನು ಸಂತ ಮತ್ತಾಯನೊಬ್ಬನೇ ಬರೆದಿರುವನು, ಹದಿನೇಳನೆಯ ಅಧ್ಯಾಯದಲ್ಲಿ. ಸುಂಕದ ಕಟ್ಟೆಯಲ್ಲಿ ಕುಳಿತಿದ್ದವನಿಗೆ ಇಂತಹ ಸಂಗತಿಗಳು ಮರೆಯುವುದಿಲ್ಲವೆಂದು ತೋರುತ್ತದೆ. ಕಫೆರ್ನವುಮಿನಲ್ಲಿ ದೇವಾಲಯದ ತೆರಿಗೆ ವಸೂಲಿ ಮಾಡುವವರು ಪೇತ್ರನ ಬಳಿ ಬಂದು, ನಿಮ್ಮ ಗುರು ತೆರಿಗೆ ಕೊಡುವುದಿಲ್ಲವೇ ಎಂದು ಕೇಳುವರು. ಪ್ರಭು ಯೇಸು ಪೇತ್ರನಿಗೆ ಹೇಳುವುದರ ಸಾರವಿಷ್ಟು: ಅರಸರು ಸುಂಕ ತೆಗೆದುಕೊಳ್ಳುವುದು ಪರರಿಂದಲೇ ಹೊರತು ಮಕ್ಕಳಿಂದಲ್ಲ, ಆದುದರಿಂದ ಮಗನಾದವನು ಸ್ವತಂತ್ರನು. ಹಕ್ಕಿನ ಮಾತು ಅಲ್ಲಿಗೆ ಮುಗಿಯಿತು. ಆದರೂ ಅವರ ಮನಸ್ಸಿಗೆ ನೋವಾಗಬಾರದೆಂದು ಪೇತ್ರನನ್ನು ಕೆರೆಗೆ ಕಳುಹಿಸಿ, ಮೊದಲು ಸಿಕ್ಕಿದ ಮೀನಿನ ಬಾಯಲ್ಲಿದ್ದ ನಾಣ್ಯದಿಂದ ಇಬ್ಬರ ತೆರಿಗೆಯನ್ನೂ ಸಲ್ಲಿಸುತ್ತಾನೆ. ವಿನಾಯಿತಿಗೆ ಅರ್ಹನಾದವನೇ, ನೆರೆಯವರ ಮನಸ್ಸನ್ನು ನೋಡಿ, ತೆರಿಗೆ ಕೊಟ್ಟನು. ವಿನಾಯಿತಿಯನ್ನು ಕುರಿತು ಮಾತನಾಡುವ ಕ್ರೈಸ್ತನು ಮರೆಯಬಾರದ ಪ್ರಸಂಗವಿದು.

ಧರ್ಮಸಭೆಯ ಇತಿಹಾಸದಲ್ಲಿ ಈ ಪಾಠವನ್ನು ಕಲಿತವರೂ ಇದ್ದಾರೆ, ಕಲಿಯದವರೂ ಇದ್ದಾರೆ. ಕ್ರಿ.ಶ. 386ರಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರು ಚಕ್ರವರ್ತಿಗೆ ದೇವಾಲಯವನ್ನು ಬಿಟ್ಟುಕೊಡಲು ನಿರಾಕರಿಸಿ ನಿಂತಾಗಲೂ, ದೇವಾಲಯದ ಹೊಲಗಳ ಮೇಲಿನ ತೆರಿಗೆಯನ್ನು ನಾವು ಸಲ್ಲಿಸುತ್ತಲೇ ಇದ್ದೇವೆ ಎಂಬರ್ಥದ ಮಾತನ್ನು ಹೇಳಿದರು. ಪೀಠವನ್ನು ಕೊಡಲೊಲ್ಲದವರು ಕಂದಾಯವನ್ನು ಕೊಟ್ಟರು. 1296ರಲ್ಲಿ ಎಂಟನೆಯ ಬೊನಿಫಾಸ್ ಜಗದ್ಗುರುಗಳಾದರೋ ಬೇರೆ ದಾರಿ ಹಿಡಿದು, ರೋಮಿನ ಒಪ್ಪಿಗೆಯಿಲ್ಲದೆ ಯಾವ ಗುರುವೂ ಅರಸನಿಗೆ ತೆರಿಗೆ ಕೊಡಕೂಡದೆಂದು ಆಜ್ಞೆ ಹೊರಡಿಸಿದರು. ಇಂಗ್ಲೆಂಡಿನ ಒಂದನೆಯ ಎಡ್ವರ್ಡನು ಗುರುವರ್ಗಕ್ಕೆ ಕಾನೂನಿನ ರಕ್ಷಣೆಯನ್ನೇ ಹಿಂತೆಗೆದುಕೊಂಡನು. ಫ್ರಾನ್ಸಿನ ನಾಲ್ಕನೆಯ ಫಿಲಿಪನು ಚಿನ್ನ ಬೆಳ್ಳಿಗಳು ತನ್ನ ರಾಜ್ಯ ಬಿಟ್ಟು ಹೋಗದಂತೆ ಗಡಿ ಮುಚ್ಚಿದನು. ಮರುವರ್ಷವೇ ಜಗದ್ಗುರುಗಳು ಆಜ್ಞೆಯನ್ನು ಸಡಿಲಿಸಬೇಕಾಯಿತು. ಫ್ರಾನ್ಸಿನ ಗುರುವರ್ಗವು ಮುಂದೆಯೂ ಶತಮಾನಗಳ ಕಾಲ ಸಾಮಾನ್ಯ ತೆರಿಗೆಯಿಂದ ಹೊರಗುಳಿದು, ಅರಸನಿಗೆ ತಾನಾಗಿ ಕೊಡುವ ಕಾಣಿಕೆಯೆಂಬ ಹೆಸರಿನಲ್ಲಿ ಮಾತ್ರ ಹಣ ಕೊಡುತ್ತಿತ್ತು; 1789ರ ನವೆಂಬರ್ 2ರಂದು ರಾಷ್ಟ್ರೀಯ ಸಭೆಯು ಧರ್ಮಸಭೆಯ ಆಸ್ತಿಯೆಲ್ಲವನ್ನೂ ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ಮೈಸೂರು ಸೀಮೆಗೆ ಬಂದ ಪ್ಯಾರಿಸ್ ವಿದೇಶ ಪ್ರೇಷಿತ ಸಂಘದ ಗುರುಗಳು ಈ ಅನುಭವವುಳ್ಳ ದೇಶದವರೆಂಬುದನ್ನು ನೆನಪಿಡಬೇಕು.

ಇನ್ನು ನಮ್ಮ ನಾಡು. ಗಂಗರ ಪ್ರಾಚೀನ ನೆಲೆಯಾಗಿ ಕುವಳಾಲವೆನಿಸಿದ್ದ ಕೋಲಾರ ಸೀಮೆಯಲ್ಲಿ ಶಾಸನಗಳಿಗೆ ಬರವಿಲ್ಲ. ಬಿ. ಎಲ್. ರೈಸರು ಈ ಜಿಲ್ಲೆಯ ಶಾಸನಗಳಿಗೇ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು ಮೀಸಲಿಟ್ಟಿರುವರು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ನಮ್ಮ ನಾಡಿನ ದತ್ತಿ ಶಾಸನಗಳಲ್ಲಿ ಸರ್ವಮಾನ್ಯ, ಸರ್ವಬಾಧಾಪರಿಹಾರ ಎಂಬ ಮಾತುಗಳು ಮತ್ತೆಮತ್ತೆ ಬರುತ್ತವೆ. ದೇವರ ನಂದಾದೀಪಕ್ಕೆ, ನೈವೇದ್ಯಕ್ಕೆ, ಅನ್ನಸತ್ರಕ್ಕೆಂದು ಬಿಟ್ಟ ಭೂಮಿಯಿಂದ ಅರಸನು ಯಾವ ತೆರಿಗೆಯನ್ನೂ ಎತ್ತುವುದಿಲ್ಲವೆಂದು ಇದರ ಅರ್ಥ. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುವನೆಂಬ ಶಾಪವೂ ಕೊನೆಯಲ್ಲಿ ಇರುತ್ತದೆ. ಇಂದಿನ ಆದಾಯ ತೆರಿಗೆ ಕಾಯಿದೆಯ ದಂಡದ ಪ್ರಕರಣಗಳು ಇದಕ್ಕೆ ಹೋಲಿಸಿದರೆ ಸೌಮ್ಯವೆನ್ನಬೇಕು!

ಈ ಶಾಸನಗಳಲ್ಲಿ ಗಮನಿಸತಕ್ಕ ಅಂಶವೆಂದರೆ, ಅರಸನು ಪೂಜಾರಿಯ ಮುಖ ನೋಡಿ ತೆರಿಗೆ ಬಿಡಲಿಲ್ಲ. ಇಂತಹ ಸೇವೆಗೆಂದು ಇಷ್ಟು ಭೂಮಿ ಎಂದು ಹೆಸರಿಸಿ ಬಿಟ್ಟನು. ದೀಪ ಉರಿಯಬೇಕು, ಹಸಿದವನಿಗೆ ಅನ್ನ ಸಿಗಬೇಕು. ಭೂಮಿ ಮಾನ್ಯವಾದುದು ಅದಕ್ಕಾಗಿ.

ಕಾಲಾಂತರದಲ್ಲಿ ಮಾನ್ಯಗಳ ಮೂಲ ಮರೆತುಹೋಗಿ, ಯಾವುದು ಸೇವೆಗೆ ಸಲ್ಲುತ್ತಿದೆ, ಯಾವುದು ಅನುಭವಿಸುವವನ ಮನೆಗೆ ಸಲ್ಲುತ್ತಿದೆ ಎಂದು ತಿಳಿಯದ ಸ್ಥಿತಿಯುಂಟಾಯಿತು. ಇದನ್ನು ವಿಚಾರಿಸಲು ಮೈಸೂರು ಸಂಸ್ಥಾನದಲ್ಲಿ 1866ರಲ್ಲಿ ಇನಾಮು ಕಮಿಷನ್ ನೇಮಕವಾಯಿತು. ಆಗ ಸಂಸ್ಥಾನದ ಆಡಳಿತ ನಡೆಸುತ್ತಿದ್ದವರು ಕಮಿಷನರ್ ಲೆವಿನ್ ಬೌರಿಂಗ್. ನಮ್ಮ ಬಂಗಾರಪೇಟೆಗೆ ಹಿಂದಿನ ಹೆಸರು ಬೌರಿಂಗ್‌ಪೇಟೆಯೆಂದು ವೃದ್ಧರು ಬಲ್ಲರು. ಆ ಹೆಸರು ಈ ಅಧಿಕಾರಿಯದೇ. ಹೀಗೆ ಧರ್ಮದ ಹೆಸರಿನ ವಿನಾಯಿತಿಗಳನ್ನು ಪತ್ರ ಪತ್ರವಾಗಿ ಬಿಡಿಸಿ ನೋಡಿದವರ ಹೆಸರನ್ನೇ ಹೊತ್ತ ಊರು ನಮ್ಮ ಪಕ್ಕದಲ್ಲಿತ್ತು.

ಸ್ವಾತಂತ್ರ್ಯಾನಂತರ ಈ ವ್ಯವಸ್ಥೆಯೇ ಮುಗಿಯಿತು. 1955ರ ಮೈಸೂರು ಧಾರ್ಮಿಕ ಹಾಗೂ ಧರ್ಮಾದಾಯ ಇನಾಮುಗಳ ರದ್ದತಿ ಕಾಯಿದೆಯು ಇನಾಮು ಭೂಮಿಗಳನ್ನು ಸರ್ಕಾರಕ್ಕೆ ಸೇರಿಸಿತು; ಅದಕ್ಕೆ ಬದಲಾಗಿ ದೇವಸ್ಥಾನಗಳಿಗೆ ವರ್ಷವರ್ಷವೂ ತಸ್ತೀಕು ಎಂಬ ಮೊತ್ತ ಸಲ್ಲುವ ಏರ್ಪಾಡಾಯಿತು. ಹಳ್ಳಿಯ ಗುಡಿಯ ಅರ್ಚಕರಿಗೆ ಇಂದಿಗೂ ಬರುವ ತಸ್ತೀಕಿನ ಹಿಂದೆ ಈ ಕಥೆಯಿದೆ. ಅದು ಸರ್ಕಾರದ ದಾನವಲ್ಲ, ಕಳೆದುಹೋದ ಮಾನ್ಯ ಭೂಮಿಯ ನೆರಳು. ರೈಲಿನಲ್ಲಿ ವಾದಿಸುವ ನಮ್ಮ ಹುಡುಗರು, ಸರ್ಕಾರ ದೇವಸ್ಥಾನಗಳಿಗೂ ಹಣ ಕೊಡುತ್ತದಲ್ಲ ಎಂದು ಎದುರುತ್ತರ ಕೊಡುವ ಮುನ್ನ ಇದನ್ನು ತಿಳಿದಿರಬೇಕು.

ಚಿನ್ನದ ಗಣಿ ಪ್ರದೇಶದ ಕಥೆಯು ಇವೆಲ್ಲಕ್ಕಿಂತ ಭಿನ್ನ. ಇಲ್ಲಿ ಮಾನ್ಯವೂ ಇಲ್ಲ, ಇನಾಮೂ ಇಲ್ಲ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬಂದ ಕೂಲಿಜನರು ಬಯಲಿನಲ್ಲಿ ತಟ್ಟಿ ಗೋಡೆಯ ಸಾಲುಮನೆಗಳಲ್ಲಿ ಇಳಿದರು. ಭೂಮಿ ಮೈಸೂರು ಸರ್ಕಾರದ್ದು, ಗುತ್ತಿಗೆ ಕಂಪನಿಗಳದ್ದು, ಮನೆ ಕಂಪನಿಯದ್ದು. ತೆಗೆದ ಚಿನ್ನದ ಬೆಲೆಯಲ್ಲಿ ನೂರಕ್ಕೆ 5ರಂತೆ ಸರ್ಕಾರಕ್ಕೆ ರಾಯಧನ ಸಲ್ಲುತ್ತಿತ್ತು. ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ, ಮೈಸೂರು ಗಣಿಗಳ ಸುತ್ತ ಎದ್ದ ದೇವಾಲಯಗಳೂ ಗುಡಿಗಳೂ ಮಸೀದಿಗಳೂ ಇಂತಹ ಗುತ್ತಿಗೆಯ ನೆಲದ ಮೇಲೆ ಎದ್ದವು. ಬೀದಿಯ ನೈರ್ಮಲ್ಯವನ್ನು ಸ್ಯಾನಿಟರಿ ಬೋರ್ಡು ನೋಡಿಕೊಳ್ಳುತ್ತಿತ್ತು. ನೀರೂ ದೀಪವೂ ಗಣಿಯ ಆಡಳಿತದಿಂದ ಬಂದವು. ಆದುದರಿಂದ ದೇವಾಲಯದ ಮುಂದಿನ ಚರಂಡಿಯನ್ನು ತೆಗೆಯುವ ಖರ್ಚು ಯಾರದೆಂಬ ಪ್ರಶ್ನೆ ನಮ್ಮ ಹಿರಿಯರಿಗೆ ಹುಟ್ಟುವ ಸಂದರ್ಭವೇ ವಿರಳ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಗಣಿ ಪ್ರದೇಶದ ಅಂಚಿನಲ್ಲಿ ಬೆಳೆದ ಮೇಲೆ ಮನೆ ಕಂದಾಯವೆಂಬುದು ಜನರಿಗೆ ಪರಿಚಯವಾಯಿತು.

1956ರಲ್ಲಿ ಗಣಿಗಳು ಸರ್ಕಾರದ ಸ್ವಾಮ್ಯಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರ ಫೆಬ್ರವರಿ 28ರಂದು ಎಲ್ಲವೂ ನಿಂತಿತು. ನೂರ ಇಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಊರಿಗೆ ಉಳಿದುದು ಸೈನೈಡ್ ಮಣ್ಣಿನ ದಿಬ್ಬಗಳು. ಗಣಿ ನಡೆಯುತ್ತಿದ್ದಾಗ ನಮ್ಮ ದೇವಾಲಯವು ಕಂದಾಯ ಕೊಡದಿದ್ದರೆ ನಷ್ಟವಾಗುತ್ತಿದ್ದುದು ಲಂಡನ್ನಿನ ಷೇರುದಾರನಿಗೆ. ಇಂದು ನಗರಸಭೆಗೆ ಒಂದು ಕಟ್ಟಡದಿಂದ ಬರಬೇಕಾದುದು ಬಾರದಿದ್ದರೆ ಅದರ ಭಾರ ಬೀಳುವುದು ಎರಡು ಕೋಣೆಯ ಮನೆಯಲ್ಲಿರುವ ನಿವೃತ್ತ ಗಣಿ ಕಾರ್ಮಿಕನ ಮೇಲೆ. ಅವನೂ ನಮ್ಮವನೇ ಆಗಿರಬಹುದು, ಪಕ್ಕದ ಗುಡಿಯ ಭಕ್ತನಾಗಿರಬಹುದು. ತೆರಿಗೆ ವಿನಾಯಿತಿಯನ್ನು ಕುರಿತ ಚರ್ಚೆ ಬೇರೆಲ್ಲಿಯಾದರೂ ತತ್ತ್ವದ ಚರ್ಚೆಯಾಗಿರಬಹುದು. ಈ ಊರಿನಲ್ಲಿ ಅದು ಬೀದಿಯ ದೀಪದ ಚರ್ಚೆ.

ಸಂವಿಧಾನವು ಧರ್ಮಸಂಸ್ಥೆಗಳಿಗೆ ತೆರಿಗೆಯಿಂದ ಮುಕ್ತಿ ಕೊಟ್ಟಿದೆಯೆಂದು ನಮ್ಮವರಲ್ಲಿ ಅನೇಕರು ನಂಬಿರುವರು. ಹಾಗಿಲ್ಲ. 27ನೆಯ ಅನುಚ್ಛೇದವು ಹೇಳುವುದೇ ಬೇರೆ: ಯಾವುದೇ ಒಂದು ಧರ್ಮದ ಪೋಷಣೆಗೆಂದೇ ಮೀಸಲಾದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಬಲಾತ್ಕರಿಸುವಂತಿಲ್ಲ. 26ನೆಯ ಅನುಚ್ಛೇದವು ಆಸ್ತಿಯನ್ನು ಹೊಂದಿ ನಡೆಸುವ ಹಕ್ಕನ್ನು ಕೊಟ್ಟಿದೆಯಾದರೂ ಕಾನೂನಿಗೆ ಅನುಸಾರವಾಗಿ ಎಂಬ ಮಾತು ಅಲ್ಲಿಯೇ ಇದೆ. ವಿನಾಯಿತಿಯೆಂಬುದು ಶಾಸನಸಭೆಗಳು ಕೊಟ್ಟದ್ದು. ಕೊಟ್ಟವರು ಷರತ್ತು ಹಾಕಬಹುದು.

ಈ ವಿಷಯದಲ್ಲಿ ದೇಶಕ್ಕೇ ದಾರಿ ತೋರಿಸಿದ ಮೊಕದ್ದಮೆ ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲಿ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಮದರಾಸು ಸರ್ಕಾರದ ಧಾರ್ಮಿಕ ದತ್ತಿ ಕಾಯಿದೆಯನ್ನು ಪ್ರಶ್ನಿಸಿದರು. ಉಡುಪಿಯು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. 1954ರ ಮಾರ್ಚ್ 16ರಂದು ಸರ್ವೋಚ್ಚ ನ್ಯಾಯಾಲಯದ ಪರವಾಗಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ತೀರ್ಪು ಬರೆದರು. ಮಠದ ಆದಾಯದಿಂದ ಸರ್ಕಾರ ಕೇಳುತ್ತಿದ್ದ ವಾರ್ಷಿಕ ವಂತಿಗೆಯು ಶುಲ್ಕವಲ್ಲ, ತೆರಿಗೆಯೇ. ಮಾಡಿದ ಕೆಲಸಕ್ಕೂ ತೆಗೆದುಕೊಂಡ ಹಣಕ್ಕೂ ಸಂಬಂಧವಿಲ್ಲ. ಅಂತಹ ತೆರಿಗೆ ಹಾಕುವ ಅಧಿಕಾರ ಪ್ರಾಂತ ಶಾಸನಸಭೆಗಿಲ್ಲ ಎಂದು ನಿರ್ಣಯವಾಯಿತು. ಆದರೆ ಆ ವಂತಿಗೆಯಿಂದ 27ನೆಯ ಅನುಚ್ಛೇದದ ಭಂಗವಾಯಿತೆಂಬ ವಾದವನ್ನು ನ್ಯಾಯಾಲಯವು ಒಪ್ಪಲಿಲ್ಲ. ಧರ್ಮದ ಒಳಗಿನ ಆಚರಣೆಯಲ್ಲಿ ಸರ್ಕಾರ ಕೈಹಾಕಬಾರದೆಂಬುದಕ್ಕೆ ಇಂದಿಗೂ ಚರ್ಚುಗಳು ಮಸೀದಿಗಳು ಈ ತೀರ್ಪನ್ನೇ ಆಧಾರವಾಗಿ ಹಿಡಿಯುತ್ತವೆ. ಒಬ್ಬ ಮಾಧ್ವ ಯತಿಗಳ ಹೋರಾಟದ ಫಲವನ್ನು ನಾವೂ ಉಣ್ಣುತ್ತಿದ್ದೇವೆ. ಕೃತಜ್ಞತೆಯಿಂದ ಹೇಳಬೇಕಾದ ಮಾತಿದು.

ಈಗ ರೈಲಿನ ಪ್ರಶ್ನೆಗೆ ಬರೋಣ. 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆ ಮತ್ತು ಅದರ 2011ರ ತಿದ್ದುಪಡಿಯಂತೆ, ಮುಜರಾಯಿಗೆ ಸೇರಿದ ಹೆಚ್ಚು ವರಮಾನದ ದೇವಸ್ಥಾನಗಳು ತಮ್ಮ ಆದಾಯದ ಒಂದಂಶವನ್ನು ಸಾಮಾನ್ಯ ಸಂಗ್ರಹ ನಿಧಿಗೆ ಕೊಡಬೇಕು. 2024ರ ಫೆಬ್ರವರಿಯಲ್ಲಿ, ಒಂದು ಕೋಟಿ ರೂಪಾಯಿ ಮೀರಿದ ಆದಾಯದ ದೇವಸ್ಥಾನಗಳಿಂದ ನೂರಕ್ಕೆ 10ರಂತೆ ಎತ್ತುವ ಮಸೂದೆಯು ವಿಧಾನಸಭೆಯಲ್ಲಿ ಗೆದ್ದು, ವಿಧಾನ ಪರಿಷತ್ತಿನಲ್ಲಿ ಸೋತು, ಅದೇ ತಿಂಗಳು ವಿಧಾನಸಭೆಯಲ್ಲಿ ಮತ್ತೆ ಅಂಗೀಕೃತವಾಯಿತು. ನಾಡಿನಾದ್ಯಂತ ಗದ್ದಲವೂ ಆಯಿತು. ಈ ಹಣವು ಸರ್ಕಾರದ ಬೊಕ್ಕಸಕ್ಕೆ ಸೇರುವ ತೆರಿಗೆಯಲ್ಲ. ಆದಾಯವಿಲ್ಲದ ಸಣ್ಣ ಗುಡಿಗಳಿಗೂ ಅರ್ಚಕರ ಹಿತಕ್ಕೂ ಸಲ್ಲುವ ನಿಧಿ. ನಮ್ಮ ಧರ್ಮಪ್ರಾಂತ್ಯದಲ್ಲಿ ಅನುಕೂಲವಂತ ಧರ್ಮಕೇಂದ್ರವು ಬಡ ಕೇಂದ್ರಕ್ಕೆ ನೆರವಾಗುವಂತೆಯೇ ಇದು. ಭೇದವಿರುವುದು ಹಣದಲ್ಲಲ್ಲ, ಯಜಮಾನಿಕೆಯಲ್ಲಿ. ಅಲ್ಲಿ ಎತ್ತಿ ಹಂಚುವವರು ಸರ್ಕಾರದ ಅಧಿಕಾರಿಗಳು, ಇಲ್ಲಿ ಮಹಾಧರ್ಮಾಧ್ಯಕ್ಷರು. ನೆರೆಯವರ ನೋವು ಈ ಭೇದವನ್ನು ಕುರಿತದ್ದಾದರೆ ಅದು ಬುಡವಿಲ್ಲದ ನೋವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಆದರೆ ಚರ್ಚು ಕಾನೂನಿಗೆ ಹೊರಗಿದೆಯೆಂಬ ಮಾತು ಮಾತ್ರ ಸುಳ್ಳು.

ಹೇಗೆಂದರೆ, ಆದಾಯ ತೆರಿಗೆಯ ವಿನಾಯಿತಿ ದೇವಸ್ಥಾನ, ಮಸೀದಿ, ಗುರುದ್ವಾರ, ಚರ್ಚು ಎಲ್ಲಕ್ಕೂ ಒಂದೇ. ಬ್ರಿಟಿಷ್ ಭಾರತದ 1886ರ ಕಾಯಿದೆಯಲ್ಲಿಯೇ ಧಾರ್ಮಿಕ ಮತ್ತು ಸಾರ್ವಜನಿಕ ಧರ್ಮಾರ್ಥ ಕಾರ್ಯಕ್ಕೆ ವಿನಿಯೋಗವಾಗುವ ಆಸ್ತಿಯ ವರಮಾನವನ್ನು ಬಿಟ್ಟಿದ್ದರು. 1961ರ ಕಾಯಿದೆಯು ಅದನ್ನು ಬಿಗಿಗೊಳಿಸಿತು: ಸಂಸ್ಥೆ ನೋಂದಣಿಯಾಗಬೇಕು, ಲೆಕ್ಕ ತಪಾಸಣೆಯಾಗಬೇಕು, ಬಂದ ನೂರು ರೂಪಾಯಿಯಲ್ಲಿ ಕನಿಷ್ಠ 85 ರೂಪಾಯಿ ಉದ್ದೇಶಕ್ಕೆ ಖರ್ಚಾಗಬೇಕು, ನಡೆಸುವವರಿಗಾಗಲಿ ಅವರ ಬಂಧುಗಳಿಗಾಗಲಿ ಲಾಭ ಹೋದರೆ ವಿನಾಯಿತಿಗೇ ಕುತ್ತು. 2025ರಲ್ಲಿ ಅಂಗೀಕೃತವಾದ ಹೊಸ ಆದಾಯ ತೆರಿಗೆ ಕಾಯಿದೆಯೂ ಈ ಚೌಕಟ್ಟನ್ನು ಉಳಿಸಿಕೊಂಡಿದೆ. 2006ರಲ್ಲಿ ಹೆಸರಿಲ್ಲದ ದಾನಗಳ ಮೇಲೆ ನೂರಕ್ಕೆ 30ರ ತೆರಿಗೆ ಬಂದಾಗಲೂ ಕೇವಲ ಧಾರ್ಮಿಕವಾದ ಸಂಸ್ಥೆಗಳನ್ನು ಬಿಟ್ಟರು; ಕಾಣಿಕೆ ಪೆಟ್ಟಿಗೆಗೆ ಹಾಕುವ ಅಜ್ಜಿಯ ಹೆಸರನ್ನು ಬರೆದುಕೊಳ್ಳುವುದು ಯಾರಿಂದ ಸಾಧ್ಯ?

ಪೌರಾಡಳಿತದ ಕಾನೂನೂ ಇದೇ ದಾರಿಯದು. ಸಾರ್ವಜನಿಕ ಆರಾಧನೆಗೆ ಮೀಸಲಾಗಿ ಅದಕ್ಕೇ ಬಳಕೆಯಾಗುವ ಕಟ್ಟಡಕ್ಕೆ ಕಂದಾಯವಿಲ್ಲ. ಅದೇ ಆವರಣದ ಅಂಗಡಿ ಮಳಿಗೆಯ ಬಾಡಿಗೆಯು ಶಿಲುಬೆಯ ನೆರಳಿನಲ್ಲಿದೆಯೆಂದ ಮಾತ್ರಕ್ಕೆ ಆರಾಧನೆಯಾಗದು. 2017ರಲ್ಲಿ ಬಂದ ಜಿ.ಎಸ್.ಟಿ.ಯಲ್ಲಂತೂ ಅಂಕಿಗಳನ್ನೇ ಹಾಕಿದರು: ಧಾರ್ಮಿಕ ಕ್ರಿಯೆಗೆ ತೆರಿಗೆಯಿಲ್ಲ, ಆವರಣದ ಕೋಣೆಗೆ ದಿನಕ್ಕೆ 1,000 ರೂಪಾಯಿ, ಸಭಾಭವನ ಅಥವಾ ಕಲ್ಯಾಣಮಂಟಪಕ್ಕೆ ದಿನಕ್ಕೆ 10,000 ರೂಪಾಯಿ, ಅಂಗಡಿಗೆ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಮುಟ್ಟಿದರೆ ಆ ವಿನಾಯಿತಿ ಸಲ್ಲದು. ಬಡವರ ಮದುವೆಗೆ ಕಡಿಮೆ ಬಾಡಿಗೆಗೆ ಕೊಟ್ಟ ಭವನ ಹೊರಗೆ, ಸಿರಿವಂತರ ಆರತಕ್ಷತೆಗೆ ಕೊಟ್ಟ ಭವನ ಒಳಗೆ. ಈ ಕಾನೂನನ್ನು ಬರೆದವರು ಶಾಸನಗಳ ಕಾಲದ ಅರಸರಂತೆಯೇ ದೀಪವನ್ನೂ ಅನ್ನವನ್ನೂ ನೋಡಿದ್ದಾರೆಂದು ನಮ್ಮ ಅನಿಸಿಕೆ.

ನಮ್ಮ ಸಮುದಾಯದ ಒಳಗೇ ಬಹಳ ಬೇಸರವನ್ನುಂಟುಮಾಡಿದ ಸಂಗತಿಯೊಂದನ್ನು ಬಿಟ್ಟು ಮುಂದೆ ಹೋಗಲಾಗದು. ಅನುದಾನಿತ ಶಾಲೆಗಳಲ್ಲಿ ಕಲಿಸುವ ಕನ್ಯಾಸ್ತ್ರೀಯರೂ ಗುರುಗಳೂ ಬಡತನದ ವ್ರತ ಕೈಗೊಂಡವರು. ಸಂಬಳ ಇಡಿಯಾಗಿ ಮಠಕ್ಕೆ ಸೇರುತ್ತದೆ. 1944ರಲ್ಲಿ ಕೇಂದ್ರ ಕಂದಾಯ ಮಂಡಳಿಯು, ಮಿಷನರಿಗಳು ತಮ್ಮ ಸಂಘಕ್ಕೆ ಒಪ್ಪಿಸುವ ಗಳಿಕೆಗೆ ತೆರಿಗೆ ಬೇಡವೆಂದು ಸುತ್ತೋಲೆ ಹೊರಡಿಸಿತ್ತು. ಆ ಆಧಾರದ ಮೇಲೆ ದಶಕಗಳ ಕಾಲ ತೆರಿಗೆ ಕಡಿತವಿಲ್ಲದೆ ನಡೆಯಿತು. ಮುಂದೆ ಇಲಾಖೆ ಟಿ.ಡಿ.ಎಸ್. ಕಡಿಯಬೇಕೆಂದಾಗ ತಮಿಳುನಾಡು, ಕೇರಳಗಳಲ್ಲಿ ವ್ಯಾಜ್ಯ ಹೂಡಲಾಯಿತು. ವ್ರತ ಸ್ವೀಕರಿಸಿದವರು ಧರ್ಮಸಭೆಯ ಕಾನೂನಿನಂತೆ ಲೋಕದ ಪಾಲಿಗೆ ಸತ್ತವರು, ಅವರಿಗೆ ಸ್ವಂತ ಆದಾಯವಿಲ್ಲ ಎಂಬುದು ನಮ್ಮವರ ವಾದ. 2024ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪದೆ, ಸಂಬಳ ಸಂಬಳವೇ, ಕಡಿತವಾಗಲೇಬೇಕೆಂದಿತು.

ಸಂಬಳದ ಒಂದು ಪೈಸೆಯನ್ನೂ ಕೈಯಲ್ಲಿ ಹಿಡಿಯದ ಸಹೋದರಿಯು ತೆರಿಗೆದಾರಳೆನಿಸುವುದು ವಿಚಿತ್ರವೇ ಸರಿ. ಆದರೂ ನಮ್ಮ ಅಭಿಪ್ರಾಯದಲ್ಲಿ ತೀರ್ಪು ನ್ಯಾಯವಾದುದು. ವ್ರತವು ಆಕೆಗೂ ದೇವರಿಗೂ ನಡುವಿನದು. ಸಂಬಳವು ಆಕೆಗೂ ಸರ್ಕಾರಕ್ಕೂ ನಡುವಿನದು. ಅದೇ ಕೊಠಡಿಯಲ್ಲಿ ಅದೇ ಪಾಠ ಹೇಳುವ, ಮನೆಯಲ್ಲಿ ನಾಲ್ವರನ್ನು ಸಾಕುವ ಶಿಕ್ಷಕಿ ತೆರಿಗೆ ಕೊಡುತ್ತಿರುವಾಗ ಪಕ್ಕದ ಮೇಜಿನ ಕನ್ಯಾಸ್ತ್ರೀ ಕೊಡದಿರುವುದನ್ನು ಆ ಶಿಕ್ಷಕಿಗೆ ವಿವರಿಸುವುದು ನಮ್ಮಿಂದಾಗದು. ಮೀನಿನ ಬಾಯ ನಾಣ್ಯ ಕೊಟ್ಟದ್ದೂ ಇಂತಹವರನ್ನು ನೆನೆದೇ.

ಅದೇ ನ್ಯಾಯಾಲಯವು 2021ರ ಮಾರ್ಚ್ 1ರಂದು ಕೇರಳದ ಇನ್ನೊಂದು ಮೊಕದ್ದಮೆಯಲ್ಲಿ, ಕನ್ಯಾಸ್ತ್ರೀಯರು ವಾಸಿಸುವ ಮಠಗಳಿಗೂ ಶಾಲೆಗೆ ಹೊಂದಿಕೊಂಡ ವಿದ್ಯಾರ್ಥಿನಿಲಯಗಳಿಗೂ ಕಟ್ಟಡ ತೆರಿಗೆಯ ವಿನಾಯಿತಿ ಸಲ್ಲಬೇಕೆಂದು ಹೇಳಿದೆ; ಅಲ್ಲಿ ಕಟ್ಟಡದ ಉಪಯೋಗ ಧಾರ್ಮಿಕ ಮತ್ತು ಶೈಕ್ಷಣಿಕವೆಂಬುದೇ ಕಾರಣ. ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರಿಗೆ ವಿರೋಧ ಕಾಣದು. ನ್ಯಾಯಾಲಯವು ಉಡುಪನ್ನು ನೋಡಲಿಲ್ಲ, ಉಪಯೋಗವನ್ನು ನೋಡಿತು.

ನಮ್ಮ ಧರ್ಮಕೇಂದ್ರದ ಮಟ್ಟಿಗೆ ಹೇಳುವುದಾದರೆ ದೇವಾಲಯಕ್ಕೂ ಸಮಾಧಿಸ್ಥಳಕ್ಕೂ ಕಂದಾಯವಿಲ್ಲದಿರುವುದನ್ನು ಸಂಕೋಚವಿಲ್ಲದೆ ಸಮರ್ಥಿಸುತ್ತೇವೆ. ಗಣಿ ಮುಚ್ಚಿದ ಊರಿನಲ್ಲಿ ಕೂಲಿ ಕಳೆದುಕೊಂಡವನು ಕಾಸಿಲ್ಲದೆ ಬಂದು ಕುಳಿತುಕೊಳ್ಳಬಹುದಾದ ನೆರಳು ಹೆಚ್ಚಿಲ್ಲ. ಆ ನೆರಳಿಗೆ ಬೆಲೆ ಕಟ್ಟಿದರೆ ಕೊನೆಗೆ ಅದನ್ನು ತೆರುವವನು ಅವನೇ. ಭವನದ ಬಾಡಿಗೆಗೂ ಮಳಿಗೆಗಳ ಬಾಡಿಗೆಗೂ ಸಲ್ಲತಕ್ಕ ತೆರಿಗೆಯನ್ನು ಮಾತ್ರ ಗಡುವಿಗೆ ಮುಂಚೆ ಸಲ್ಲಿಸಬೇಕು, ಅದರ ರಸೀದಿಯನ್ನು ಕಾಣಿಕೆಯ ಲೆಕ್ಕದೊಂದಿಗೆ ಫಲಕದಲ್ಲಿ ಹಾಕಬೇಕು. ನೀರು, ಕಸ ವಿಲೇವಾರಿಗಳಿಗೆ ನಗರಸಭೆ ಕೇಳುವುದು ಮಾಡಿದ ಕೆಲಸದ ಕೂಲಿ. ಅದಕ್ಕೆ ವಿನಾಯಿತಿ ಬೇಡುವುದು ಪೌರಕಾರ್ಮಿಕನ ಕೂಲಿಗೆ ಕೈಯೊಡ್ಡಿದಂತೆ.

ಕೊನೆಯದಾಗಿ ಒಂದು ಕೋರಿಕೆ. ಗಣಿ ಪ್ರದೇಶದ ಗುತ್ತಿಗೆಯ ನೆಲ, ಸ್ಯಾನಿಟರಿ ಬೋರ್ಡು, ಹಳೆಯ ಮನೆ ಕಂದಾಯ ಇವುಗಳಿಗೆ ಸಂಬಂಧಿಸಿದ ಪತ್ರಗಳೂ ರಸೀದಿಗಳೂ ಹಳೆಯ ಕುಟುಂಬಗಳ ಪೆಟ್ಟಿಗೆಗಳಲ್ಲಿ ಇರಬಹುದು. ಅಂತಹವನ್ನು ಹರಿದು ಎಸೆಯದೆ ಧರ್ಮಕೇಂದ್ರದ ಕಚೇರಿಗೆ ತಂದು ತೋರಿಸಬೇಕು. ಪ್ರತಿ ಮಾಡಿಕೊಂಡು ಮೂಲವನ್ನು ಅಂದೇ ಹಿಂದಿರುಗಿಸಲಾಗುವುದು.